ಪಿಯಾನೋದ ಬೀಗದ ಕೈ



ಆಕಾಶವಾಣಿಯ ಈ ಸ್ಟುಡಿಯೋದಲ್ಲಿ ನನ್ನ ಮುಂದೆ ಒಂದು ಮೈಕು, ಒಂದು ಲೋಟ ನೀರು, ಕೆಲವು ಹಾಳೆಗಳು ಇವೆ. ಪಿಯಾನೋ ಇಲ್ಲ. ಒಳ್ಳೆಯದೇ ಆಯಿತು. ಇದ್ದಿದ್ದರೆ ‘ಒಂದೆರಡು ನಿಮಿಷ ನುಡಿಸಿಬಿಡಿ’ ಅನ್ನುತ್ತಿದ್ದರು. ನಾನು ನುಡಿಸಿದ ಮೇಲೆ ನನ್ನ ಮಾತು ಕೇಳಲು ನೀವ್ಯಾರೂ ಉಳಿಯುತ್ತಿರಲಿಲ್ಲ. ಎಲ್ಲಿ ಸ್ವರ ಬೇಕೋ ಅಲ್ಲಿ ಬಾಯಲ್ಲೇ ಹೇಳುತ್ತೇನೆ, ಸುಧಾರಿಸಿಕೊಳ್ಳಿ.

ನಾನು ಸಂಗೀತಗಾರ್ತಿಯಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು. ಚಿಕ್ಕಂದಿನಲ್ಲಿ ಮೂರು ವರ್ಷ ಪಿಯಾನೋ ಕಲಿತು, ಬಿಟ್ಟು, ಮೂವತ್ತೆಂಟು ವರ್ಷದ ಮೇಲೆ ಗುರುವಿಲ್ಲದೆ ಪುಸ್ತಕ ಹಿಡಿದು ಮತ್ತೆ ಶುರುಮಾಡಿದವಳು. ಯಾವ ಪುಸ್ತಕ ಹಿಡಿಯಬೇಕು, ಹೇಗೆ ಹಿಡಿಯಬೇಕು ಅನ್ನುವುದರಲ್ಲಿ ಸಾಕಷ್ಟು ಎಡವಿದ್ದೇನೆ. ಎಡವಿದವರಿಗೆ ಕಲ್ಲು ಎಲ್ಲಿದೆ ಅಂತ ಗೊತ್ತಿರುತ್ತದೆ. ಇವತ್ತು ಮಾತನಾಡಲು ನನಗಿರುವ ಅರ್ಹತೆ ಅದೊಂದೇ.

ನನ್ನ ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಲೆಕ್ಕಪತ್ರದ ಗುಮಾಸ್ತರು. ಕೆ.ಜಿ.ಎಫ್. ಬ್ರಿಟಿಷರು ಬೆಳೆಸಿದ ಊರು. ಅವರು ಹೋದ ಮೇಲೂ ಬಂಗಲೆ, ಕ್ಲಬ್ಬು, ಚರ್ಚುಗಳ ಜೊತೆಗೆ ಕೆಲವು ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಪಿಯಾನೋಗಳು ಉಳಿದಿದ್ದವು. ಅಂಥ ಒಂದು ಮನೆಯ ವಯಸ್ಸಾದ ಟೀಚರ್ ಹತ್ತಿರ ನನ್ನನ್ನು ಬಿಟ್ಟರು. ಆ ಪಿಯಾನೋ ಬೀರುವಿನ ಹಾಗೆ ಗೋಡೆಗೊರಗಿ ನಿಂತಿತ್ತು. ಮಳೆಗಾಲದಲ್ಲಿ ಅದರ ಎರಡು ಕೀಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ, ಉಗುರಿನಿಂದ ಎಬ್ಬಿಸಬೇಕಿತ್ತು. ಟೀಚರ್ ನನ್ನ ಅಂಗೈ ಹಿಂಭಾಗದ ಮೇಲೆ ಹತ್ತು ಪೈಸೆಯ ಅಲೆಯಂಚಿನ ನಾಣ್ಯ ಇಡುವರು. ಪಾಠ ಮುಗಿಯುವವರೆಗೆ ಅದು ಬೀಳದಿದ್ದರೆ ನಾಣ್ಯ ನನ್ನದು. ಮೂರು ವರ್ಷದಲ್ಲಿ ನಾನು ಸಂಪಾದಿಸಿದ್ದು ಒಟ್ಟು ಎಂಬತ್ತು ಪೈಸೆ.

1983ರಲ್ಲಿ ಅಪ್ಪ ಕೆಲಸ ಬಿಟ್ಟು ತುಮಕೂರಿಗೆ ಬಂದರು. ಅಲ್ಲಿ ಪಿಯಾನೋ ಎಂದರೆ ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿ ಪಾರ್ಟಿಯ ನಡುವೆ ನಾಯಕ ಕೂತು ಹಾಡುವ ಮೇಜು, ಅಷ್ಟೆ. ನನ್ನ ಕಲಿಕೆಯೂ ಅಲ್ಲಿಗೆ ನಿಂತಿತು. ಐವತ್ತು ದಾಟಿದ ಮೇಲೆ, ಮಗನಿಗೆಂದು ಕೊಂಡ ಡಿಜಿಟಲ್ ಪಿಯಾನೋ ಎಂಟೇ ತಿಂಗಳಲ್ಲಿ ಇಸ್ತ್ರಿ ಬಟ್ಟೆ ಇಡುವ ಜಾಗವಾಯಿತು. ಒಂದು ಭಾನುವಾರ ಬಟ್ಟೆಗಳನ್ನು ಎತ್ತಿ ಮಂಚದ ಮೇಲೆ ಹಾಕಿ, ಕೂತೆ.

ಆಗ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆರಳುಗಳು ತಾವಾಗಿಯೇ ಒಂದು ಪುಟ್ಟ ಹಾಡಿನ ಮೊದಲ ಸಾಲನ್ನು ನುಡಿಸಿದವು. ನಾನು ಕೇಳಿಕೊಂಡಿರಲಿಲ್ಲ, ಅವೇ ನುಡಿಸಿದವು. ಎರಡನೆಯ ಸಾಲಿನ ನಡುವೆ ನಿಂತವು. ಅಟ್ಟದಿಂದ ಹಳೆಯ ಪುಸ್ತಕ ಇಳಿಸಿದೆ. ಅಮೆರಿಕದ ಜಾನ್ ಥಾಮ್ಸನ್ 1936ರಲ್ಲಿ ಮಕ್ಕಳಿಗಾಗಿ ಬರೆದ ‘ಟೀಚಿಂಗ್ ಲಿಟಲ್ ಫಿಂಗರ್ಸ್ ಟು ಪ್ಲೇ’. ಪುಟ ತೆರೆದರೆ ಓದಲು ಬರುತ್ತಿದೆ! ನುಡಿಸಲೂ ಬರುತ್ತಿದೆ! ಒಂದು ವಾರ ನೆಲದ ಮೇಲೆ ಕಾಲಿರಲಿಲ್ಲ. ಆಮೇಲೆ ಅದೇ ಮಟ್ಟದ ಬೇರೊಂದು ಪುಸ್ತಕ ತೆಗೆದೆ. ಒಂದು ಸಾಲೂ ಬರಲಿಲ್ಲ.

ಯಾಕೆ ಅಂತ ತಿಳಿಯಲು ನಾಲ್ಕು ದಿನ ಬೇಕಾಯಿತು. ಹಳೆಯ ಪುಸ್ತಕದಲ್ಲಿ ಸ್ವರದ ಗುಂಡುಗಳ ಪಕ್ಕ ಬೆರಳಿನ ಅಂಕೆಗಳಿದ್ದವು. ಹೆಬ್ಬೆರಳು 1, ಕಿರುಬೆರಳು 5. ನಾನು ಓದುತ್ತಿದ್ದದ್ದು ಆ ಅಂಕೆಗಳನ್ನು. ತಪ್ಪು ತಿದ್ದುವ ಬಿಳಿ ಪೆನ್ನು ತಂದು ಒಂದು ಪುಟದ ಅಂಕೆಗಳನ್ನೆಲ್ಲ ಅಳಿಸಿ ಮತ್ತೆ ಕೂತೆ. ಐದು ಗೆರೆಗಳ ಮೇಲೆ ಕಪ್ಪು ಚುಕ್ಕೆಗಳು ನನ್ನನ್ನೇ ನೋಡುತ್ತಿದ್ದವು, ಒಂದೂ ಪರಿಚಯದ್ದಲ್ಲ. ಮೂರು ವರ್ಷ ನಾನು ಸಂಗೀತ ಓದುವುದನ್ನು ಕಲಿತೇ ಇರಲಿಲ್ಲ, ಒಂದರಿಂದ ಐದರವರೆಗೆ ಎಣಿಸುವುದನ್ನು ಕಲಿತಿದ್ದೆ.

ಇದು ಟೀಚರ್ ತಪ್ಪಲ್ಲ, ಪುಸ್ತಕ ಕಟ್ಟಿದ ಬಗೆ ಹಾಗೆ. ಪಿಯಾನೋದಲ್ಲಿ 88 ಕೀಗಳು. ಬಿಳಿ 52, ಕಪ್ಪು 36. ಎಡಗಡೆಯಿಂದ ನಲವತ್ತನೆಯದು ‘ಮಿಡ್ಲ್ ಸಿ’, ನಡುವಣ ಸಿ. ಥಾಮ್ಸನ್ ಪದ್ಧತಿಯಲ್ಲಿ ಎರಡೂ ಕೈಗಳ ಹೆಬ್ಬೆರಳನ್ನು ಆ ಒಂದೇ ಕೀ ಮೇಲೆ ಇಟ್ಟು ಶುರುಮಾಡುತ್ತಾರೆ. ಅಲ್ಲಿಂದ ಬಲಗೈ ಬಲಕ್ಕೆ, ಎಡಗೈ ಎಡಕ್ಕೆ ಒಂದೊಂದೇ ಹೆಜ್ಜೆ. ಮಗುವಿಗೆ ಬಹಳ ಸುಲಭ. ಆದರೆ ತಿಂಗಳುಗಟ್ಟಲೆ ಕೈ ಅಲ್ಲೇ ಇದ್ದರೆ, ಹೆಬ್ಬೆರಳು ಎಂದರೆ ಸಿ, ಸಿ ಎಂದರೆ ಹೆಬ್ಬೆರಳು ಅಂತ ಮನಸ್ಸು ಗಂಟು ಹಾಕಿಕೊಂಡುಬಿಡುತ್ತದೆ. ಕೈ ಜಾಗ ಬದಲಿಸಿದ ದಿನ ಆ ಗಂಟು ಬಿಚ್ಚುತ್ತದೆ, ಎಲ್ಲವೂ ಚೆಲ್ಲಾಪಿಲ್ಲಿ. ಮಗುವಿನ ಪಕ್ಕದಲ್ಲಿ ಟೀಚರ್ ಇರುತ್ತಾರೆ, ಗಂಟು ಬೀಳುತ್ತಿರುವಾಗಲೇ ನೋಡುತ್ತಾರೆ. ಒಬ್ಬಳೇ ಕೂತವಳಿಗೆ ಯಾರು ಹೇಳಬೇಕು?

ಹೊಸ ಪುಸ್ತಕ ಬೇಕು ಅಂತ ಅಂಗಡಿಗೆ ಹೋದೆ. ಅಲ್ಲಿ ಬೆರಗಾದೆ. ಕರ್ನಾಟಕ ಸಂಗೀತಕ್ಕೆ ಮಗುವನ್ನು ಸೇರಿಸುವ ತಾಯಿ ‘ಯಾವ ಮೆಥಡ್ ಪುಸ್ತಕ ಒಳ್ಳೆಯದು’ ಅಂತ ಕೇಳಿದ್ದನ್ನು ನೀವು ಎಂದಾದರೂ ಕೇಳಿದ್ದೀರಾ? ನಮ್ಮಲ್ಲಿ ಆ ಪ್ರಶ್ನೆಯೇ ಇಲ್ಲ. ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ. ಪುರಂದರದಾಸರು ಹಾಕಿಕೊಟ್ಟದ್ದು ಎಂದು ನಾವು ನಂಬಿ ಬಂದಿರುವ ಏಣಿ ಅದು. ಮೈಸೂರಿನ ಹುಡುಗಿಗೂ ಅದೇ, ತಂಜಾವೂರಿನ ಹುಡುಗನಿಗೂ ಅದೇ. ಪಿಯಾನೋ ಲೋಕದಲ್ಲಿ ಹಾಗಲ್ಲ. ಇನ್ನೂರು ಮುನ್ನೂರು ವರ್ಷಗಳಿಂದ ಹೆಸರಾಂತ ಶಿಕ್ಷಕರೆಲ್ಲ ತಮ್ಮ ತಮ್ಮ ಏಣಿ ಮಾಡಿ ಗೋಡೆಗೆ ಒರಗಿಸಿ ಹೋಗಿದ್ದಾರೆ. ಒಂದರ ಮೆಟ್ಟಿಲು ಇನ್ನೊಂದಕ್ಕೆ ಹೊಂದುವುದಿಲ್ಲ. ನಾನು ಆ ತಿಂಗಳಲ್ಲಿ ಆರು ಪುಸ್ತಕ ಕೊಂಡೆ. ಪುಸ್ತಕ ಕೊಂಡ ದಿನ ಅಭ್ಯಾಸ ಮಾಡಿದಷ್ಟೇ ಸಮಾಧಾನವಾಗುತ್ತದೆ, ಅದೊಂದು ಮಾಯೆ. ಆರು ಏಣಿಗಳ ಮೊದಲ ಮೂರು ಮೆಟ್ಟಿಲು ಹತ್ತಿ ಇಳಿದು, ವರ್ಷದ ಕೊನೆಗೆ ನೋಡಿದರೆ ನೆಲದ ಮೇಲೇ ಇದ್ದೆ.

ಆ ಏಣಿಗಳಲ್ಲಿ ಕೆಲವನ್ನು ಪರಿಚಯ ಮಾಡಿಕೊಡುತ್ತೇನೆ. ವಿಯೆನ್ನಾದ ಕಾರ್ಲ್ ಚೆರ್ನಿ ಬೀಥೋವನ್‌ನ ಶಿಷ್ಯ, ಲಿಸ್ಟ್‌ನ ಗುರು. ಆತನ ಓಪಸ್ 599ರಲ್ಲಿ ಆರಂಭಿಕರಿಗೆಂದು ನೂರು ಅಭ್ಯಾಸಗಳಿವೆ. ಜರ್ಮನಿಯ ಫರ್ಡಿನಾಂಡ್ ಬೈಯರ್‌ನ ಓಪಸ್ 101 ಕೂಡ ಸುಮಾರು ಅದೇ ಕಾಲದ್ದು. ಜಪಾನಿನಲ್ಲಿ ತಲೆಮಾರುಗಟ್ಟಲೆ ಮಕ್ಕಳು ಅದರಿಂದಲೇ ಕಲಿತರು. ಎರಡೂ ಶಿಸ್ತಿನ ಪುಸ್ತಕಗಳು, ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಪುಕ್ಕಟೆಯಾಗಿಯೂ ಸಿಗುತ್ತವೆ. ಒಂದು ತೊಡಕು: ಬಹಳ ಪುಟಗಳವರೆಗೆ ಎರಡೂ ಕೈಗಳಿಗೆ ಮೇಲಿನ ಸ್ಥಾಯಿಯ ಟ್ರೆಬಲ್ ಗುರುತಿನಲ್ಲೇ ಬರೆದಿರುತ್ತಾರೆ. ಎಡಗೈಯ ಬೇಸ್ ಗೆರೆಗಳನ್ನು ಓದುವ ಕಷ್ಟ ಮುಂದಕ್ಕೆ ಹೋಗುತ್ತದೆ, ತಪ್ಪುವುದಿಲ್ಲ. ಇನ್ನೊಂದು ಮಾತು, ಅವುಗಳಲ್ಲಿ ವಿವರಣೆ ಕಡಿಮೆ. ಹೇಳಿಕೊಡುವವರು ಪಕ್ಕದಲ್ಲಿದ್ದಾರೆ ಎಂದು ನಂಬಿ ಬರೆದ ಪುಸ್ತಕಗಳು ಅವು.

ಈ ನಂಬಿಕೆ ಎಷ್ಟು ಹಳೆಯದು ಗೊತ್ತೆ? ಇಟಲಿಯ ಕ್ರಿಸ್ಟೋಫೊರಿ 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಪಿಯಾನೋ ಕಂಡುಹಿಡಿದಿದ್ದ. ಅದಿನ್ನೂ ಯೂರೋಪಿಗೆಲ್ಲ ಹರಡಿರಲಿಲ್ಲ. ಆಗ, 1716ರಲ್ಲಿ, ಫ್ರಾನ್ಸಿನ ಫ್ರಾನ್ಸ್ವಾ ಕೂಪರಾನ್ ಹಾರ್ಪ್ಸಿಕಾರ್ಡ್ ಎಂಬ ಕೀಗಳ ಹಳೆಯ ವಾದ್ಯ ನುಡಿಸುವ ಕಲೆಯ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಅವನೊಂದು ಗುಟ್ಟು ಹೇಳುತ್ತಾನೆ. ಮೊದಮೊದಲ ಪಾಠಗಳಲ್ಲಿ ಮಕ್ಕಳು ಗುರುವಿಲ್ಲದಾಗ ಅಭ್ಯಾಸ ಮಾಡಲೇಬಾರದು. ಅದಕ್ಕೆ ಅವನು ಪಾಠ ಮುಗಿಸಿ ಹೊರಡುವಾಗ ವಾದ್ಯಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಜೊತೆಗೇ ಒಯ್ಯುತ್ತಿದ್ದನಂತೆ. ಮುಕ್ಕಾಲು ಗಂಟೆ ಕಷ್ಟಪಟ್ಟು ಕಲಿಸಿದ್ದನ್ನು ಅವರು ಒಂದು ಕ್ಷಣದಲ್ಲಿ ಕೆಡಿಸಿಬಿಡುತ್ತಾರೆ ಅಂತ. ಮೊದಲ ಸಲ ಓದಿದಾಗ ನಕ್ಕೆ. ಆಮೇಲೆ ನಗು ನಿಂತಿತು. ನಾನು ಮಾಡುತ್ತಿದ್ದದ್ದು ಅದನ್ನೇ ತಾನೆ? ಒಬ್ಬಳೇ ಕೂತು, ಒಂದೇ ತಪ್ಪನ್ನು ಇಪ್ಪತ್ತು ಸಲ ನುಡಿಸಿ, ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಹೀಗೆ ಕೆಡಿಸಿಕೊಳ್ಳುವುದಕ್ಕೆ ಹೇಳಿಮಾಡಿಸಿದ ಪುಸ್ತಕ ಒಂದಿದೆ, ಅದರ ಹೆಸರು ಹಾನೊನ್. ಫ್ರಾನ್ಸಿನ ಶಾರ್ಲ್ ಲೂಯಿ ಹಾನೊನ್ 1873ರಲ್ಲಿ ಹೊರತಂದ 60 ಅಭ್ಯಾಸಗಳು. ಅದರ ಮೊದಲನೆಯದನ್ನು ನಮ್ಮ ಸ್ವರದಲ್ಲಿ ಹೇಳುತ್ತೇನೆ, ಕೇಳಿ: ಸ ಗ ಮ ಪ ದ ಪ ಮ ಗ, ರಿ ಮ ಪ ದ ನಿ ದ ಪ ಮ, ಗ ಪ ದ ನಿ ಸ ನಿ ದ ಪ. ಗುರುತು ಸಿಕ್ಕಿತಲ್ಲ? ಇದು ವರಸೆಯೇ. ಒಂದು ಅಚ್ಚು, ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ. ಚಿಕ್ಕಮ್ಮನ ಸಂಗೀತ ಪಾಠವನ್ನು ಬಾಗಿಲ ಹಿಂದೆ ನಿಂತು ಕೇಳಿ ಬೆಳೆದ ನನಗೆ ಆ ಪುಸ್ತಕ ಕಂಡ ಕೂಡಲೇ ತವರಿಗೆ ಬಂದ ಹಾಗಾಯಿತು. ದಿನಾ ಒಂದು ಗಂಟೆ ನುಡಿಸಿದೆ. ಮೂರನೆಯ ವಾರ ಬೆಳಗ್ಗೆ ಎದ್ದರೆ ಎಡಗೈಯ ಮಣಿಕಟ್ಟು ಕುಕ್ಕರ್ ಮುಚ್ಚಳ ತಿರುಗಿಸಲು ಒಪ್ಪಲಿಲ್ಲ.

ಎಲ್ಲಿ ತಪ್ಪಿದೆ? ಸರಳೆ ವರಸೆ ಹಾಡುವಾಗ ಕಿವಿ ಕೆಲಸ ಮಾಡುತ್ತದೆ. ಶ್ರುತಿ ಬಿಟ್ಟರೆ ಕೂಡಲೇ ಗೊತ್ತಾಗುತ್ತದೆ. ಹಾನೊನ್ ನುಡಿಸುವಾಗ ಕಿವಿ ಮಲಗಿರುತ್ತದೆ, ಬೆರಳು ಓಡುತ್ತಿರುತ್ತದೆ. ಈಗ ಹೇಳಿದೆನಲ್ಲ ‘ಸ ಗ’, ಆ ಮೊದಲ ಹಾರು ಎಡಗೈಯಲ್ಲಿ ಬೀಳುವುದು ಕಿರುಬೆರಳು ಉಂಗುರಬೆರಳುಗಳ ನಡುವೆ, ಕೈಯ ಅತಿ ಬಡಪಾಯಿ ಜಾಗದಲ್ಲಿ. ಐವತ್ತರ ಕೈಯನ್ನು ಅಲ್ಲಿ ಗಂಟೆಗಟ್ಟಲೆ ಹಿಗ್ಗಿಸಿದರೆ ಅದು ಸುಮ್ಮನಿರುತ್ತದೆಯೆ? ಇಪ್ಪತ್ತರ ಹರೆಯದಲ್ಲೇ ಷೂಮನ್ ಬಲಗೈ ಬೆರಳನ್ನು ಕೆಡಿಸಿಕೊಂಡು ಪಿಯಾನೋ ವಾದಕನಾಗುವ ಆಸೆ ಬಿಟ್ಟ. ಸಂಗೀತ ರಚನೆಗೆ ಅದು ಲಾಭವಾಯಿತು ಅನ್ನಿ. ನನ್ನ ಮಣಿಕಟ್ಟು ಕೆಟ್ಟರೆ ಯಾರಿಗೂ ಲಾಭವಿಲ್ಲ. ಆರು ವಾರ ಪಿಯಾನೋ ಮುಟ್ಟಲಿಲ್ಲ. ಈಗಲೂ ಹಾನೊನ್ ಕಪಾಟಿನಲ್ಲಿದೆ, ಉಪ್ಪಿನಕಾಯಿಯ ಹಾಗೆ. ಎರಡು ಸಾಲು, ಎರಡು ನಿಮಿಷ, ಮುಚ್ಚಳ ಹಾಕುವುದು.

ಇನ್ನು ವಯಸ್ಕರಿಗೆಂದೇ ಬರೆದ ಅಮೆರಿಕದ ಪುಸ್ತಕಗಳಿವೆ. ಆಲ್ಫ್ರೆಡ್, ಫೇಬರ್ ಎಂಬ ಹೆಸರಿನವು ನಮ್ಮ ಅಂಗಡಿಗಳಲ್ಲೂ ಸಿಗುತ್ತವೆ. ಇವುಗಳ ಗುಣ ಏನೆಂದರೆ ನಿಮ್ಮನ್ನು ದೊಡ್ಡವರೆಂದು ಒಪ್ಪಿಕೊಂಡು ಮಾತನಾಡುತ್ತವೆ. ಮೊಲ, ಬಲೂನುಗಳ ಚಿತ್ರವಿಲ್ಲ, ಅಕ್ಷರ ದಪ್ಪ, ವಿವರಣೆ ಧಾರಾಳ. ಎಡಗೈಗೆ ಬೇಗನೆ ಕಾರ್ಡ್ ಕೊಡುತ್ತವೆ. ಮೂರು ಸ್ವರ ಒಟ್ಟಿಗೆ ಒತ್ತಿದ ಕೂಡಲೇ ಕೋಣೆ ತುಂಬುತ್ತದೆ, ಹುರುಪು ಬರುತ್ತದೆ. ಆದರೆ ಅವು ನಿಂತಿರುವುದು ಓದುಗನ ಕಿವಿಯಲ್ಲಿ ಮೊದಲೇ ಇರುವ ಹಾಡುಗಳ ಮೇಲೆ. ‘ಔರಾ ಲೀ’, ‘ಸ್ಕಿಪ್ ಟು ಮೈ ಲೂ’ ಅಮೆರಿಕದವನಿಗೆ ಅಜ್ಜಿಯ ಹಾಡು; ಅವನು ತಪ್ಪು ನುಡಿಸಿದರೆ ಕಿವಿ ಎಳೆದು ತಿದ್ದುತ್ತದೆ. ನನಗೆ ‘ಔರಾ ಲೀ’ ಯಾರು? ನಾನು ತಪ್ಪು ನುಡಿಸಿದರೂ ಅದೇ ಸರಿ ಅಂತ ಮುಂದಕ್ಕೆ ಹೋಗಿದ್ದೇನೆ. ಹಾಗಾಗಿ ಹೊಸ ಹಾಡನ್ನು ಕೀ ಮುಟ್ಟುವ ಮೊದಲು ಹಾಡಿಕೊಳ್ಳುತ್ತೇನೆ. ತಾಳ ಹಾಕಿ, ಸ್ವರ ಹೇಳಿ. ಸಂಗೀತ ಪಾಠದ ಮನೆಯಲ್ಲಿ ಬೆಳೆದವರಿಗೆಲ್ಲ ಇದು ಬರುತ್ತದೆ, ಪಿಯಾನೋ ಕಲಿಯುವಾಗ ಮಾತ್ರ ಮರೆತುಹೋಗುತ್ತದೆ.

ನನ್ನ ಬೆರಳಂಕೆ ರೋಗಕ್ಕೆ ಮದ್ದು ಸಿಕ್ಕಿದ್ದು ಇನ್ನೊಂದು ಬಗೆಯ ಪುಸ್ತಕದಲ್ಲಿ. ಫ್ರಾನ್ಸಿಸ್ ಕ್ಲಾರ್ಕ್ ಎಂಬ ಅಮೆರಿಕದ ಶಿಕ್ಷಕಿ ಬೆಳೆಸಿದ ದಾರಿ ಅದು. ಎಲ್ಲ ಸ್ವರಗಳ ಹೆಸರು ಉರು ಹೊಡೆಯುವುದಿಲ್ಲ. ಮೂರೇ ಮೂರನ್ನು ಗುರುತುಕಲ್ಲಿನ ಹಾಗೆ ನೆಡುತ್ತಾರೆ: ನಡುವಣ ಸಿ, ಅದರ ಕೆಳಗೊಂದು ಎಫ್, ಮೇಲೊಂದು ಜಿ. ಉಳಿದದ್ದೆಲ್ಲ ಅಲ್ಲಿಂದ ಎಷ್ಟು ದೂರ ಅನ್ನುವ ಲೆಕ್ಕ. ಪಕ್ಕದ ಮನೆಯೋ, ಒಂದು ಮನೆ ಬಿಟ್ಟೋ, ಐದನೆಯದೋ. ಆಗ ನನಗೊಂದು ಹೊಳೆಯಿತು: ಟ್ರೆಬಲ್ ಗುರುತಿನ ಆ ಸುರುಳಿ ಜಿ ಎಂಬ ಅಕ್ಷರವೇ ಬೆಳೆದು ಬಂದ ರೂಪ, ಅದರ ಹೊಟ್ಟೆ ಸುತ್ತುವ ಗೆರೆ ಜಿ. ಬೇಸ್ ಗುರುತು ಎಫ್. ಅದರ ಎರಡು ಚುಕ್ಕೆಗಳ ನಡುವಿನ ಗೆರೆ ಎಫ್. ವಿಳಾಸ ಬಾಗಿಲ ಮೇಲೇ ಬರೆದಿತ್ತು. ನಾನು ನಲವತ್ತು ವರ್ಷ ಅದನ್ನು ರಂಗೋಲಿ ಅಂದುಕೊಂಡಿದ್ದೆ.

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ಪುಸ್ತಕ ಯಾವುದು? ಈಗ ನಾನು ಆ ಪ್ರಶ್ನೆ ಕೇಳುವುದಿಲ್ಲ. ಈ ಪುಸ್ತಕ ನನ್ನನ್ನು ಯಾರೆಂದು ತಿಳಿದಿದೆ, ಅಂತ ಕೇಳುತ್ತೇನೆ. ಏಳು ವರ್ಷದ ಮಗು ಎಂದೇ? ಪಕ್ಕದಲ್ಲಿ ಗುರು ಇದ್ದಾರೆ ಎಂದೇ? ಈ ಹಾಡುಗಳನ್ನು ಕೇಳಿ ಬೆಳೆದವಳು ಎಂದೇ? ಎಲ್ಲಿ ಅದರ ಎಣಿಕೆ ತಪ್ಪಾಗಿದೆಯೋ ಅಲ್ಲಿ ನಾನು ಕೈಯಿಂದ ಹಾಕಿ ತುಂಬಬೇಕು. ತುಂಬಲಾಗುವಷ್ಟು ಕೊರತೆ ಇದ್ದರೆ ಆ ಪುಸ್ತಕ ನನ್ನದು.

ಅಂಗಡಿಯಲ್ಲಿ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ಪುಸ್ತಕದ ನಡುಪುಟ ತೆರೆಯಿರಿ. ಎರಡೂ ಕೈಯಲ್ಲಿ, ನಿಧಾನವಾಗಿ, ನಿಲ್ಲದೆ ಓದಲು ಸಾಧ್ಯವೆ? ಸಾಧ್ಯವಾದರೆ ಅದು ನಿಮಗೆ ಹಗುರ, ಮುಂದಿನ ಭಾಗ ನೋಡಿ. ಮೊದಲ ಪುಟವೇ ಕಷ್ಟವಾದರೆ ಅದನ್ನು ಅಲ್ಲೇ ಬಿಡಿ. ಮರಳಿ ಬಂದವರ ದೊಡ್ಡ ಶತ್ರು ನೆನಪು. ‘ನಾನು ಆಗ ಇಷ್ಟು ನುಡಿಸುತ್ತಿದ್ದೆ’ ಅನ್ನುವ ಜಾಗದಿಂದ ಶುರುಮಾಡಲು ಹೋಗುತ್ತೇವೆ. ತಲೆಗೆ ಐವತ್ತು, ಕಿವಿಗೆ ನಲವತ್ತು, ಬೆರಳಿಗೆ ಇನ್ನೂ ಹನ್ನೆರಡು. ನಾಚಿಕೆ ಬಿಟ್ಟು ಹನ್ನೆರಡರ ಹತ್ತಿರ ಇಳಿಯಬೇಕು. ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ: ಪುಸ್ತಕ ಸ್ಟ್ಯಾಂಡಿನ ಮೇಲೆ ತಾನಾಗಿ ತೆರೆದು ನಿಲ್ಲಬೇಕು. ಅಂಟು ಹಾಕಿದ ಬೈಂಡಿಂಗ್ ಆದರೆ ಸರಿಯಾಗಿ ಕಷ್ಟದ ಜಾಗದಲ್ಲಿ ಮುಚ್ಚಿಕೊಳ್ಳುತ್ತದೆ. ನಾನು ಬಟ್ಟೆ ಕ್ಲಿಪ್ ಹಾಕಿ ನೋಡಿದೆ. ಕೊನೆಗೆ ಜೆರಾಕ್ಸ್ ಅಂಗಡಿಯವನ ಕೈಯಲ್ಲಿ ಬೆನ್ನು ಕತ್ತರಿಸಿ ಸ್ಪೈರಲ್ ಹಾಕಿಸಿದೆ. ಆ ಪುಸ್ತಕವನ್ನೇ ನಾನು ಮುಗಿಸಿದ್ದು.

ಏಣಿ ಒಂದೇ ಇರಲಿ. ಅದರ ಪಕ್ಕದಲ್ಲಿ ಒಂದು ಹೂದೋಟವೂ ಬೇಕು. ಅಂದರೆ ಪಾಠವಲ್ಲದ, ನಿಜವಾದ ಸಂಗೀತದ ಒಂದು ಸಣ್ಣ ಪುಸ್ತಕ. ಬಾಖ್‌ನ ಎರಡನೆಯ ಹೆಂಡತಿ ಆನ್ನಾ ಮಗ್ದಲೇನಾಳ 1725ರ ಕೈಬರಹದ ಪುಸ್ತಕ ಅಂಥದ್ದು. ನಮ್ಮ ಅಜ್ಜಿಯರ ಹತ್ತಿರ ದೇವರನಾಮ, ಸಂಪ್ರದಾಯದ ಹಾಡು ಬರೆದಿಟ್ಟ ರಟ್ಟಿನ ನೋಟುಬುಕ್ಕು ಇರುತ್ತಿತ್ತಲ್ಲ, ಅದೇ ಜಾತಿ. ಮನೆಯವರಿಗೆ ಇಷ್ಟವಾದದ್ದೆಲ್ಲ ಅದರಲ್ಲಿದೆ, ಯಾರು ರಚಿಸಿದ್ದು ಅಂತ ಬರೆಯುವ ಗೊಡವೆ ಇಲ್ಲ. ಪ್ರಪಂಚದ ಮಕ್ಕಳೆಲ್ಲ ‘ಬಾಖ್‌ನ ಮಿನುಯೆಟ್’ ಎಂದು ನುಡಿಸುವ ಜಿ ಮೇಜರ್ ಮಿನುಯೆಟ್ ಅಲ್ಲಿಯದೇ. ಅದು ಬಾಖ್‌ನದಲ್ಲ, ಕ್ರಿಶ್ಚಿಯನ್ ಪೆಟ್ಜೋಲ್ಡ್‌ನದು ಎಂದು ಆಮೇಲೆ ತಿಳಿಯಿತು. ಷೂಮನ್ 1848ರಲ್ಲಿ ಹಿರಿಮಗಳ ಏಳನೆಯ ಹುಟ್ಟುಹಬ್ಬಕ್ಕೆಂದು ಶುರುಮಾಡಿದ ‘ಆಲ್ಬಮ್ ಫಾರ್ ದ ಯಂಗ್’ ಇನ್ನೊಂದು ತೋಟ.

ನಮ್ಮ ಕಿವಿಗೆ ಹತ್ತಿರದ ತೋಟ ಹಂಗೇರಿಯ ಬೇಲಾ ಬಾರ್ಟೋಕ್‌ನದು. 1926ರಿಂದ 1939ರವರೆಗೆ ಬರೆದ ‘ಮಿಕ್ರೊಕಾಸ್ಮೋಸ್’: ಆರು ಭಾಗ, 153 ರಚನೆ, ಮೊದಲೆರಡು ಭಾಗ ಮಗ ಪೀಟರ್‌ಗೆ ಅರ್ಪಣೆ. ಮೊದಲ ಪುಟಗಳಲ್ಲಿ ಎರಡೂ ಕೈ ಒಂದೇ ಸ್ವರವನ್ನು ಬೇರೆ ಬೇರೆ ಸ್ಥಾಯಿಯಲ್ಲಿ ನುಡಿಸುತ್ತವೆ. ಮೇಜರ್, ಮೈನರ್ ಎಂಬ ಎರಡೇ ಕಂಬಕ್ಕೆ ಕಟ್ಟಿಹಾಕದೆ, ಹಳ್ಳಿಯ ಹಾಡುಗಳ ಹಳೆಯ ಮೇಳಗಳಲ್ಲಿ ಓಡಾಡಿಸುತ್ತಾನೆ. ಮನೆಯಲ್ಲಿ ಕೀಬೋರ್ಡ್ ಇದ್ದವರು ಇದನ್ನು ಮಾಡಿ ನೋಡಿ. ಕಪ್ಪು ಕೀ ಮುಟ್ಟಬೇಡಿ. ಬಿಳಿ ಕೀಗಳಲ್ಲೇ ಸಿ ಇಂದ ಸಿ ವರೆಗೆ ನುಡಿಸಿದರೆ ಶಂಕರಾಭರಣ. ಡಿ ಇಂದ ಡಿ, ಖರಹರಪ್ರಿಯ. ಇ ಇಂದ, ತೋಡಿ. ಎಫ್ ಇಂದ, ಕಲ್ಯಾಣಿ. ಜಿ ಇಂದ, ಹರಿಕಾಂಭೋಜಿ. ಎ ಇಂದ, ನಟಭೈರವಿ. ನಮ್ಮ ವಿದ್ವಾಂಸರು ಗ್ರಹಭೇದ ಎಂದು ಕರೆಯುವುದು ಅಲ್ಲಿ ಹಲಗೆಯ ಮೇಲೆ ಮಲಗಿದೆ. ಗಮಕವಿಲ್ಲ ನಿಜ, ತೋಡಿಯ ಗಾಂಧಾರ ಅಲ್ಲಿ ಅಲುಗಾಡದೆ ಕೂತಿರುತ್ತದೆ.

ಅಲುಗಾಡದ ಸ್ವರ ಎಂದಾಗ ಈ ಮನೆಯ ಒಂದು ಹಳೆಯ ಕಥೆ ನೆನಪಾಗುತ್ತದೆ. ಕೀಗಳ ಸ್ವರ ಗಮಕಕ್ಕೆ ಬಗ್ಗುವುದಿಲ್ಲ, ಶ್ರುತಿಸೂಕ್ಷ್ಮ ಹಿಡಿಯುವುದಿಲ್ಲ ಎಂಬ ಕಾರಣಕ್ಕೆ ಇದೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತ್ತು; ಮೂವತ್ತು ವರ್ಷ ಅದಕ್ಕೆ ಒಳಗೆ ಪ್ರವೇಶವಿರಲಿಲ್ಲ. ಪಿಯಾನೋಗೂ ಅದೇ ದೋಷವಿದೆ. ಆದರೆ ತಡವಾಗಿ ಕಲಿಯುವವರಿಗೆ ಆ ದೋಷವೇ ದಯೆ. ಪಿಟೀಲಿನಲ್ಲಿ ಷಡ್ಜ ಹುಡುಕಲು ವರ್ಷ ಬೇಕು. ಇಲ್ಲಿ ಮುಟ್ಟಿದರೆ ಸ್ವರ. ಉಳಿದದ್ದು ಯಾವಾಗ ಮುಟ್ಟಬೇಕು, ಎಷ್ಟು ಭಾರ ಹಾಕಬೇಕು, ಯಾವಾಗ ಬಿಡಬೇಕು ಎಂಬುದಷ್ಟೆ. ಆ ‘ಅಷ್ಟೆ’ಯಲ್ಲಿ ಒಂದು ಜನ್ಮ ಕಳೆಯಬಹುದು.

ಜನ್ಮದ ಮಾತು ಬಂದಾಗ ನಮ್ಮ ಜಯಚಾಮರಾಜ ಒಡೆಯರ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರಿಗೆ ಕಛೇರಿ ಪಿಯಾನೋ ವಾದಕರಾಗುವ ಆಸೆ ಇತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ಹುಡುಗ ಸಿಂಹಾಸನ ಏರಿದ. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ರಷ್ಯಾದ ಮೆಟ್ನರ್‌ನ ಸಂಗೀತ ಧ್ವನಿಮುದ್ರಣವಾಗಲು ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಮಹಾರಾಜರು ಮಾತ್ರ ಕರ್ನಾಟಕ ಸಂಗೀತಕ್ಕೆ ತಿರುಗಿ 94 ಕೃತಿ ರಚಿಸಿದರು. ಅರಮನೆ, ವಾದ್ಯ, ಗುರು ಎಲ್ಲ ಇದ್ದವರಿಗೂ ಕಾಲ ಕೂಡಿಬರಬೇಕು. ನನಗೆ ದಿನಕ್ಕೆ ಇಪ್ಪತ್ತೈದು ನಿಮಿಷ ಕೂಡಿಬರುತ್ತದೆ, ಬೆಳಗ್ಗೆ ಹಾಲು ಬರುವುದಕ್ಕೂ ನಲ್ಲಿ ನೀರು ಬರುವುದಕ್ಕೂ ನಡುವೆ.

ಆ ಇಪ್ಪತ್ತೈದರಲ್ಲಿ ಐದು ನಿಮಿಷ ಸ್ಕೇಲ್. ಇಲ್ಲೂ ಒಂದು ಪಾಠ ಕಲಿತೆ. ಹೆಚ್ಚಿನ ಪುಸ್ತಕಗಳು ಬರೀ ಬಿಳಿ ಕೀಗಳ ಸಿ ಮೇಜರ್‌ನಿಂದ ಶುರುಮಾಡುತ್ತವೆ, ಓದಲು ಅದು ಸುಲಭ. ಆದರೆ ಶೋಪಾನ್ ಶಿಷ್ಯರಿಗೆ ಮೊದಲು ಕೊಡುತ್ತಿದ್ದದ್ದು ಕಪ್ಪು ಕೀಗಳು ತುಂಬಿದ ಬಿ ಮೇಜರ್. ಬಲಗೈ ಹೆಬ್ಬೆರಳನ್ನು ಬಿಳಿಯ ಇ ಮೇಲೆ, ಉದ್ದನೆಯ ಮೂರು ಬೆರಳುಗಳನ್ನು ಮೂರು ಕಪ್ಪು ಕೀಗಳ ಮೇಲೆ, ಕಿರುಬೆರಳನ್ನು ಬಿಳಿಯ ಬಿ ಮೇಲೆ ಇಟ್ಟು ನೋಡಿ. ಗಿಣಿ ಕೊಂಬೆ ಹಿಡಿದ ಹಾಗೆ ಕೈ ತಾನಾಗಿ ಕೂರುತ್ತದೆ. ಕಣ್ಣಿಗೆ ಸುಲಭವಾದದ್ದು ಕೈಗೆ ಸುಲಭವಲ್ಲ. ಹತ್ತು ಪೈಸೆಯ ನಾಣ್ಯ ಆಗ ಯಾಕೆ ಬೀಳುತ್ತಿತ್ತು ಅಂತ ನನಗೆ ಈಗ ಅರ್ಥವಾಯಿತು.

ಇನ್ನು ಹತ್ತು ನಿಮಿಷ ಏಣಿ, ಹತ್ತು ನಿಮಿಷ ತೋಟ. ಒಂದೊಂದೇ ಕೈ, ಎರಡೆರಡೇ ಬಾರ್. ವಾರಕ್ಕೊಮ್ಮೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮಾರನೆಯ ದಿನ ಬಸ್ಸಿನಲ್ಲಿ ಕೇಳುತ್ತೇನೆ. ನುಡಿಸುವಾಗ ಅದ್ಭುತವಾಗಿದ್ದದ್ದು ಬಸ್ಸಿನಲ್ಲಿ ಬೇರೆಯೇ ಇರುತ್ತದೆ. ಗುರುವಿನ ಕಿವಿಗೆ ಅದು ಸಮವಲ್ಲ. ಅದಕ್ಕೇ ಎರಡು ತಿಂಗಳಿಗೊಮ್ಮೆ ಬಲ್ಲವರೊಬ್ಬರ ಮುಂದೆ ಒಂದು ಗಂಟೆ ಕೂತು ಬೈಸಿಕೊಂಡು ಬರುತ್ತೇನೆ. ಸ್ವಂತವಾಗಿ ಕಲಿಯುವುದು ಎಂದರೆ ಯಾರಿಗೂ ತೋರಿಸಬಾರದು ಅಂತ ಎಲ್ಲೂ ಬರೆದಿಲ್ಲ.

ಇಪ್ಪತ್ತೈದನೆಯ ನಿಮಿಷಕ್ಕೆ ಏನಾಗುತ್ತದೆ ಗೊತ್ತೆ? ಬೆರಳು ದಣಿದಿರುತ್ತದೆ, ಆಸೆ ಮಾತ್ರ ದಣಿದಿರುವುದಿಲ್ಲ. ಆಗಲೇ ಅಷ್ಟು ಹೊತ್ತೂ ಸರಿ ಬಂದ ಜಾಗದಲ್ಲಿ ತಪ್ಪು ನುಸುಳುತ್ತದೆ. ‘ಇನ್ನೊಂದು ಸಲ’ ಅಂತ ನುಡಿಸಿದರೆ ಅದೇ ತಪ್ಪು. ಮತ್ತೊಂದು ಸಲ, ಮತ್ತೂ ಗಟ್ಟಿಯಾದ ತಪ್ಪು. ಕೂಪರಾನ್ ಬೀಗದ ಕೈ ತೆಗೆದುಕೊಂಡು ಹೊರಡುತ್ತಿದ್ದದ್ದು ಇಂಥ ಹೊತ್ತಿಗೇ ಇರಬೇಕು. ನನ್ನ ಪಿಯಾನೋಗೆ ಬೀಗವಿಲ್ಲ, ಗೋಡೆಯಲ್ಲೊಂದು ಸ್ವಿಚ್ಚಿದೆ. ಎರಡನೆಯ ಸಲ ಅದೇ ತಪ್ಪು ಬಂದ ಕೂಡಲೇ ಎದ್ದು ಅದನ್ನು ಆರಿಸುತ್ತೇನೆ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದಿರುತ್ತದೆ.